ನೇಮ ಸಾಲದು, ಮನ ಮಾಗಬೇಕು

ಶ್ರಾವಣ ಮಾಸದ ಒಂದು ಸೋಮವಾರ ಸಂಜೆ ಮರಳವಾಡಿಯ ಸಮೀಪದ ಹಳ್ಳಿಯೊಂದರಲ್ಲಿ ಏರ್ಪಟ್ಟಿದ್ದ ಶಿವಾನುಭವ ಗೋಷ್ಠಿಗೆ ನಾವು ಹೋಗಿದ್ದೆವು. ಅದು ರೇಷ್ಮೆಯ ಸೀಮೆ. ದಾರಿಯ ಎರಡೂ ಬದಿಗೆ ಹಿಪ್ಪುನೇರಳೆ ತೋಟಗಳು, ಮನೆಯ ಜಗಲಿಗಳಲ್ಲಿ ಒರಗಿಸಿಟ್ಟ ಚಂದ್ರಿಕೆಗಳು. ಸಭೆಗೆ ಬಂದವರಲ್ಲಿ ಹೆಚ್ಚಿನವರು ಹುಳುವಿಗೆ ಸಂಜೆಯ ಸೊಪ್ಪು ಹಾಕಿ, ಕೈಕಾಲು ತೊಳೆದು, ವಿಭೂತಿ ಧರಿಸಿ ಬಂದು ಕುಳಿತಿದ್ದರು. ಆ ದಿನದ ವಿಷಯ ಪಂಚಾಚಾರ. ಉಪನ್ಯಾಸ ಮುಗಿದ ಮೇಲೆ ಪ್ರಶ್ನೆಗಳಿಗೆ ಅವಕಾಶವಿತ್ತಾಗ ಹಿಂದಿನ ಸಾಲಿನಿಂದ ವಯಸ್ಸಾದ ತಾಯಿಯೊಬ್ಬರು ಎದ್ದು ನಿಂತರು.

“ಅಯ್ನೋರೆ, ನಾನು ಈ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಸ ಆಯ್ತು. ಒಂದು ದಿವ್ಸಾನೂ ಲಿಂಗಪೂಜೆ ತಪ್ಸಿಲ್ಲ. ಸೋಮವಾರ ಒಪ್ಪತ್ತು ಬಿಟ್ಟಿಲ್ಲ. ಆದ್ರೆ ಓರಗಿತ್ತಿ ಹತ್ರ ಮಾತು ಬಿಟ್ಟು ಹದಿನೆಂಟು ವರ್ಸ. ಬದುವಿನ ಮ್ಯಾಗಿನ ಜಗಳ. ಪೂಜೆಗೆ ಕೂತಾಗೆಲ್ಲ ಅವಳ ಮಕಾನೇ ಕಣ್ಮುಂದೆ ಬರ್ತದೆ. ನನ್ನ ಪೂಜೆ ಸಲ್ತದಾ ಇಲ್ವಾ, ಹೇಳಿ.”

ಸಭೆ ಒಂದು ಕ್ಷಣ ಸ್ತಬ್ಧವಾಯಿತು. ಪಂಚಾಚಾರಗಳ ಲಕ್ಷಣವನ್ನು ಗಂಟೆಗಟ್ಟಲೆ ವಿವರಿಸಬಲ್ಲ ನಮಗೆ ಆ ತಾಯಿಯ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸಲಾಗಲಿಲ್ಲ. ನೇಮಗಳೆಲ್ಲವೂ ಸರಿಯಾಗಿ ನಡೆದೂ ಮನಸ್ಸು ಇದ್ದಲ್ಲಿಯೇ ಇದ್ದರೆ ಧರ್ಮವು ನಮ್ಮಲ್ಲಿ ಏನನ್ನು ಸಾಧಿಸಿದಂತಾಯಿತು? ಈ ಪ್ರಶ್ನೆ ಆ ಒಬ್ಬ ತಾಯಿಯದಲ್ಲ. ಅದು ನಮ್ಮ ಸಮಾಜದ ಪ್ರಶ್ನೆ, ಎಲ್ಲ ಧರ್ಮಗಳ ಪ್ರಶ್ನೆ. ಇದನ್ನು ಬಹು ತೀಕ್ಷ್ಣವಾಗಿ ಎತ್ತಿದ ಮಹಾತ್ಮರಲ್ಲಿ ಯೇಸುಕ್ರಿಸ್ತನೂ ಒಬ್ಬನು. ನೆರೆಯವರ ದೀಪದ ಬೆಳಕಿನಲ್ಲಿ ನಮ್ಮ ಮನೆಯ ಮೂಲೆಯನ್ನು ನೋಡಿಕೊಳ್ಳುವುದರಲ್ಲಿ ತಪ್ಪಿಲ್ಲವಾದುದರಿಂದ ಈ ಲೇಖನದಲ್ಲಿ ಆ ವಿಚಾರವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗು

ಯೇಸು ಹುಟ್ಟಿ ಬೆಳೆದ ಯೆಹೂದ್ಯ ಸಮಾಜವು ನಿಯಮನಿಷ್ಠವಾದ ಸಮಾಜ. ಮೋಶೆಯ ಮೂಲಕ ದೊರೆತ ಹತ್ತು ಆಜ್ಞೆಗಳು, ಊಟ, ಶುದ್ಧಿ, ಸಬ್ಬತ್ ದಿನದ ವಿಶ್ರಾಂತಿ, ದಶಮಾಂಶದ ಕಾಣಿಕೆ ಮುಂತಾದ ವಿಧಿಗಳು ಆ ಜನರ ಬಾಳನ್ನು ಕಟ್ಟಿದ್ದವು. ಯೇಸು ಆ ವಿಧಿಗಳನ್ನು ಅಳಿಸಲು ಬಂದವನಲ್ಲ. ಆದರೆ ವಿಧಿಯ ಬೇರು ಎಲ್ಲಿದೆಯೆಂಬುದನ್ನು ತೋರಿಸಿಕೊಟ್ಟನು. ಮತ್ತಾಯನ ಸುವಾರ್ತೆಯ 5ರಿಂದ 7ನೆಯ ಅಧ್ಯಾಯಗಳಲ್ಲಿ ಬರುವ ಪರ್ವತ ಪ್ರಸಂಗದಲ್ಲಿ ಅವನ ನೀತಿಬೋಧೆಯ ಸಾರವೆಲ್ಲ ಅಡಗಿದೆ. ಕೊಲೆ ಮಾಡಲಿಲ್ಲವೆಂದ ಮಾತ್ರಕ್ಕೆ ಮನುಷ್ಯನು ನಿರ್ದೋಷಿಯಾಗುವುದಿಲ್ಲ. ಸಹೋದರನ ಮೇಲೆ ಕೋಪವನ್ನು ಸಾಕಿಕೊಂಡವನೂ ಅದೇ ನ್ಯಾಯಾಸನದ ಮುಂದೆ ನಿಲ್ಲಬೇಕು. ವ್ಯಭಿಚಾರ ಮಾಡದಿದ್ದರೆ ಸಾಲದು, ನೋಟವೂ ಶುದ್ಧವಾಗಬೇಕು. ದಾನ ಮಾಡುವಾಗ ಜನರು ನೋಡಲೆಂದು ಡಂಗುರ ಹೊಡೆಸುವವನಿಗೆ ಆ ಹೊಗಳಿಕೆಯೇ ಸಂಬಳ, ಬೇರೆ ಫಲವಿಲ್ಲ. ಇದು ಅಲ್ಲಿಯ ತಿರುಳು.

ಆ ಪ್ರಸಂಗದಲ್ಲಿ ಬರುವ ಒಂದು ಸಂದರ್ಭವನ್ನು ಓದಿದಾಗ ಮರಳವಾಡಿಯ ಆ ತಾಯಿಯ ಮುಖವೇ ನಮ್ಮ ಕಣ್ಣಿಗೆ ಕಟ್ಟಿತು. ದೇವರಿಗೆ ಕಾಣಿಕೆ ಒಪ್ಪಿಸಲು ಯಜ್ಞವೇದಿಯ ಮುಂದೆ ನಿಂತಿರುವಾಗ ಯಾರಿಗಾದರೂ ತನ್ನ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ ಅವನು ಏನು ಮಾಡಬೇಕು? ಕಾಣಿಕೆಯನ್ನು ಅಲ್ಲಿಯೇ ಇಟ್ಟು ಮೊದಲು ಹೋಗಿ ಅವನೊಡನೆ ರಾಜಿಯಾಗಿ, ಬಳಿಕ ಬಂದು ಅರ್ಪಿಸಬೇಕು ಎಂಬುದು ಯೇಸುವಿನ ಉಪದೇಶ. ಇಲ್ಲಿ ಪೂಜೆ ಬೇಡವೆಂದಿಲ್ಲ, ಮರಳಿ ಬಂದು ಮಾಡೆಂದೇ ಇದೆ. ಆದರೆ ಪೂಜೆಗಿಂತ ಮುಂಚೆ ಹೋಗಬೇಕಾದ ಮನೆಯೊಂದಿದೆ!

ಲೂಕನ ಸುವಾರ್ತೆಯ ಜಕ್ಕಾಯನ ಕಥೆಯೂ ಇದನ್ನೇ ಸಾರುತ್ತದೆ. ಅವನು ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ. ಜನರನ್ನು ಸುಲಿದು ಧನಿಕನಾದವನೆಂದು ಊರಿಗೆ ಊರೇ ಅವನನ್ನು ದೂರ ಇಟ್ಟಿತ್ತು. ಗಿಡ್ಡನಾದ ಅವನು ಯೇಸುವನ್ನು ಕಾಣಲೆಂದು ಮರವೇರಿ ಕುಳಿತಿದ್ದನು. ಯೇಸು ಅವನಿಗೆ ಬುದ್ಧಿ ಹೇಳಲಿಲ್ಲ, ತಪ್ಪುಗಳ ಪಟ್ಟಿ ಓದಲಿಲ್ಲ. ಈ ದಿನ ನಿನ್ನ ಮನೆಯಲ್ಲಿ ಇಳಿದುಕೊಳ್ಳುವೆನೆಂದು ಕರೆದನು, ಅಷ್ಟೆ. ಆ ಪ್ರೀತಿಗೆ ಜಕ್ಕಾಯನ ಹೃದಯ ಕರಗಿತು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಮರುಪಾವತಿ ಎಂದು ತಾನಾಗಿಯೇ ಘೋಷಿಸಿದನು. ಮೋಸವನ್ನು ತಾನಾಗಿ ಒಪ್ಪಿಕೊಂಡವನು ಮೂಲಧನದ ಜೊತೆಗೆ ಐದನೆಯ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂಬುದು ಮೋಶೆಯ ಕಟ್ಟಳೆ. ಶಾಸ್ತ್ರ ಕೇಳಿದ್ದು ಅಷ್ಟು. ಕರಗಿದ ಹೃದಯ ಕೊಟ್ಟದ್ದು ಎಷ್ಟು! ನಿಯಮವು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಹೃದಯದ ನೀತಿ ಮುಂದೆ ನಡೆಯುತ್ತದೆ.

ಹೃದಯದ ಈ ತಿರುವಿಗೆ ಕನ್ನಡ ಕ್ರೈಸ್ತರು ಬಳಸುವ ಮಾತು ‘ಮಾನಸಾಂತರ’. ‘ದೇವರ ಕಡೆಗೆ ತಿರುಗಿಕೊಳ್ಳುವುದು’ ಎಂದೂ ಹೇಳುತ್ತಾರೆ. ಮೂಲ ಗ್ರೀಕ್ ಪದಕ್ಕೆ ಮನಸ್ಸು ಬದಲಾಗುವುದು ಎಂಬುದೇ ಅರ್ಥ. ಯೇಸುವಿಗಿಂತ ಶತಮಾನಗಳ ಹಿಂದೆಯೇ ಪ್ರವಾದಿ ಯೆರೆಮೀಯನು ಕಲ್ಲಿನ ಹಲಗೆಯಲ್ಲಲ್ಲ, ಹೃದಯದಲ್ಲಿಯೇ ಧರ್ಮವು ಬರೆಯಲ್ಪಡುವ ಕಾಲವನ್ನು ಕಂಡಿದ್ದನು. ಯೆಹೆಜ್ಕೇಲನು ಕಲ್ಲಾದ ಹೃದಯ ಹೋಗಿ ಮೃದುವಾದ ಹೃದಯ ಬರುವುದನ್ನು ನುಡಿದಿದ್ದನು.

ಏಳು ಬೇಡಗಳ ಮರ್ಮ

ಇದನ್ನು ಓದುತ್ತಿರುವ ಶರಣ ಬಂಧುಗಳಿಗೆ ಇದು ಹೊಸದೆನಿಸಲಾರದು. ಅಂತರಂಗ ಶುದ್ಧಿ, ಬಹಿರಂಗ ಶುದ್ಧಿ ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದಿವೆ. ಬಸವಣ್ಣನವರು ಏಳು ಬೇಡಗಳನ್ನು ಹೇಳಿದ ವಚನವು ಬಾಯಿಪಾಠವಿಲ್ಲದ ಲಿಂಗಾಯತ ಮನೆ ಅಪರೂಪ. ಆದರೆ ಬಾಯಿಪಾಠವಾದದ್ದನ್ನು ನಾವು ಬಿಡಿಸಿ ನೋಡುವುದು ಕಡಿಮೆ. ಆ ಏಳರಲ್ಲಿ ಕಳವು, ಕೊಲೆ, ಸುಳ್ಳು ಇವು ಹೊರಗೆ ಕಾಣುವ ದೋಷಗಳು. ಇವನ್ನು ಹಿಡಿಯಲು ಪೊಲೀಸರೂ ನ್ಯಾಯಾಲಯಗಳೂ ಉಂಟು. ಕೋಪ, ಪರರ ಬಗೆಗಿನ ಅಸಹ್ಯ, ಆತ್ಮಪ್ರಶಂಸೆ, ಎದುರಿನವರ ನಿಂದೆ ಇವು ನಾಲ್ಕೂ ಮನಸ್ಸಿನಲ್ಲಿ ಹುಟ್ಟಿ ಅಲ್ಲಿಯೇ ಗೂಡು ಕಟ್ಟುವಂಥವು. ಇವಕ್ಕೆ ಯಾವ ನ್ಯಾಯಾಲಯವೂ ಶಿಕ್ಷೆ ವಿಧಿಸದು. ಕೊಲೆ ಮತ್ತು ಕೋಪ ಒಂದೇ ಸಾಲಿನಲ್ಲಿ ನಿಂತಿರುವುದು ಆಕಸ್ಮಿಕವಲ್ಲ. ಮೂರು ಹೊರಗಿನವು, ನಾಲ್ಕು ಒಳಗಿನವು: ತೂಕ ಯಾವ ಕಡೆಗೆಂಬುದು ಸ್ಪಷ್ಟ.

ಹನ್ನೊಂದು ಶತಮಾನಗಳ ಅಂತರದಲ್ಲಿ, ಒಬ್ಬರ ಹೆಸರನ್ನೊಬ್ಬರು ಕೇಳಿರಲಾರದ ಎರಡು ನಾಡುಗಳಲ್ಲಿ, ಕೊಲೆಯ ಪಕ್ಕದಲ್ಲಿಯೇ ಕೋಪವನ್ನು ನಿಲ್ಲಿಸಿ ತೋರಿಸಿದ ಈ ಸಾಮ್ಯವು ಆಲೋಚನೆಗೆ ಯೋಗ್ಯವಾಗಿದೆ. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಕ್ರೈಸ್ತರ ನಂಬಿಕೆಯಲ್ಲಿ ಹೃದಯದ ಬದಲಾವಣೆಯು ಕ್ರಿಸ್ತನ ಮೂಲಕ ದೊರೆಯುವ ದೇವರ ಕೃಪೆ. ನಮ್ಮಲ್ಲಿ ಅದು ಗುರುಕರುಣೆಯಿಂದ ದೊರೆತ ಇಷ್ಟಲಿಂಗವನ್ನು ಆಶ್ರಯಿಸಿ, ಪ್ರಾಣಲಿಂಗ ಭಾವಲಿಂಗಗಳ ಅರಿವಿಗೆ ಏರುವ, ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಹಂತಹಂತವಾಗಿ ಮಾಗುವ ಸಾಧನೆ. ದಾರಿಗಳು ಬೇರೆ. ಆದರೆ ಹೊರಗಿನ ಆಚರಣೆಯೇ ಗುರಿಯಲ್ಲವೆಂಬ ಎಚ್ಚರ ಎರಡರಲ್ಲೂ ಉಂಟು.

ಉತ್ತಂಗಿ ಚನ್ನಪ್ಪನವರ ನಿದರ್ಶನ

ಈ ಎರಡು ದಾರಿಗಳ ನಡುವೆ ಸೇತುವೆಯಂತೆ ಬಾಳಿದ ಕನ್ನಡಿಗರೊಬ್ಬರನ್ನು ಇಲ್ಲಿ ಸ್ಮರಿಸದಿದ್ದರೆ ನಾವು ಕೃತಘ್ನರಾದೇವು. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಜನಿಸಿ, ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಸೇವೆ ಸಲ್ಲಿಸಿದ ಅವರು ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ಇಂದು ನಾವು ಮಕ್ಕಳಿಗೆ ಸರ್ವಜ್ಞನನ್ನು ಕಲಿಸುತ್ತಿದ್ದರೆ ಅದರ ಹಿಂದೆ ಈ ಪಾದ್ರಿಗಳ ಪರಿಶ್ರಮವಿದೆ. ಶರಣರ ಅನುಭವ ಮಂಟಪವು ಇತ್ತೇ ಇಲ್ಲವೇ ಎಂಬ ವಾದ ಎದ್ದಾಗ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ರಚಿಸಿದವರೂ ಇವರೇ. ಕನ್ನಡ ನಾಡು ಅವರನ್ನು 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂರಿಸಿ ಗೌರವಿಸಿತು. ‘ತಿರುಳ್ಗನ್ನಡದ ತಿರುಕ’ ಎಂದು ಹೆಸರಾದ ಅವರು 1962ರಲ್ಲಿ ಕಾಲವಾದರು.

ಗಮನಿಸಬೇಕಾದುದೇನೆಂದರೆ, ಅವರು ಕೊನೆಯವರೆಗೂ ಕ್ರೈಸ್ತರಾಗಿಯೇ ಉಳಿದರು. ಬಸವಣ್ಣನವರನ್ನು ಪ್ರೀತಿಸಲು ಅವರಿಗೆ ತಮ್ಮ ಧರ್ಮವನ್ನು ಬಿಡಬೇಕಾಗಲಿಲ್ಲ. ಅವರ ಗ್ರಂಥಗಳನ್ನು ಗೌರವಿಸಲು ನಮ್ಮ ಹಿರಿಯರಿಗೆ ಕೊರಳಿನ ಲಿಂಗವನ್ನು ತೆಗೆದಿಡಬೇಕಾಗಲಿಲ್ಲ. ಒಳಗೆ ಗಟ್ಟಿಯಾದವನಿಗೆ ಹೊರಗಿನವರ ಒಳಿತನ್ನು ಕಂಡು ಭಯವಾಗುವುದಿಲ್ಲ.

‘ಮತಾಂತರ’ ಎಂಬ ಶಬ್ದವನ್ನು ಕೇಳಿದರೆ ನಮ್ಮಲ್ಲಿ ಅನೇಕರಿಗೆ ಕಳವಳವಾಗುತ್ತದೆ. ಆ ಕಳವಳಕ್ಕೆ ಕಾರಣಗಳಿರಬಹುದು, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಹುಟ್ಟಿದಂದಿನಿಂದ ಲಿಂಗ ಧರಿಸಿಯೂ ನಮ್ಮಲ್ಲಿ ‘ಮಾನಸಾಂತರ’ ನಡೆಯಲಿಲ್ಲವಲ್ಲಾ ಎಂಬ ಕಳವಳ ಎಷ್ಟು ಜನರಿಗಿದೆ? ಮತಾಂತರದ ಸುದ್ದಿಗೆ ಸಭೆ ಸೇರಿಸುವ ನಾವು ಮಾನಸಾಂತರದ ಅಭಾವಕ್ಕೆ ಒಂದು ದಿನವಾದರೂ ನಿದ್ದೆಗೆಟ್ಟಿದ್ದೇವೆಯೆ?

ಬೆಟ್ಟದ ಎತ್ತರ, ಮನದ ಆಳ

ಮರಳವಾಡಿಗೆ ಹೋದವರು ಕನಕಪುರವನ್ನು ದಾಟಿ ಮುಂದೆ ಹೋದರೆ ಅರ್ಕಾವತಿಯ ಸೀಮೆಯಲ್ಲಿ ಹಾರೋಬೆಲೆ ಎಂಬ ಗ್ರಾಮ ಸಿಗುತ್ತದೆ. ಅಲ್ಲಿ ಕ್ಯಾಥೊಲಿಕ್ ಕ್ರೈಸ್ತರೇ ಹೆಚ್ಚು. ಶುಭ ಶುಕ್ರವಾರದ ಹೊತ್ತಿಗೆ ಕ್ರಿಸ್ತನ ಯಾತನೆಯ ಕಥೆಯನ್ನು ಗ್ರಾಮಸ್ಥರೇ ಪಾತ್ರ ವಹಿಸಿ ಕನ್ನಡ ನಾಟಕವಾಗಿ ಆಡುವ ಪದ್ಧತಿ ಅಲ್ಲಿ ಬಹುಕಾಲದಿಂದ ನಡೆದುಬಂದಿದೆ. ನಮ್ಮ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವ ರೈತರಂತೆಯೇ ಅವರೂ ಬೇಸಾಯದ ಜನ, ಅದೇ ರಾಗಿಮುದ್ದೆ ಉಣ್ಣುವವರು.

ಆ ಗ್ರಾಮದ ಬಳಿಯ ಕಪಾಲ ಬೆಟ್ಟದಲ್ಲಿ ಯೇಸುವಿನ ಎತ್ತರದ ಪ್ರತಿಮೆಯೊಂದನ್ನು ನಿಲ್ಲಿಸುವ ಯೋಜನೆಗೆ 2019ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆಯಾದಾಗ ನಾಡಿನಾದ್ಯಂತ ವಾದವಿವಾದ ಎದ್ದಿತು. 2020ರ ಜನವರಿಯಲ್ಲಿ ಕನಕಪುರದಲ್ಲಿ ಪ್ರತಿಭಟನೆಯ ಮೆರವಣಿಗೆಯೂ ನಡೆಯಿತು. ಜಮೀನಿನ ಹಕ್ಕು, ಕಾನೂನು, ರಾಜಕೀಯ ಇವು ನಮ್ಮ ಪತ್ರಿಕೆಯ ವಿಷಯಗಳಲ್ಲ. ನಮಗೆ ತೋರುವುದಿಷ್ಟೆ: ಪ್ರತಿಮೆಗಳು ಎಷ್ಟು ಎತ್ತರವಿರಬೇಕೆಂಬ ಚರ್ಚೆಯಲ್ಲಿ ಕ್ರೈಸ್ತರಾಗಲಿ, ಹಿಂದೂಗಳಾಗಲಿ, ಲಿಂಗಾಯತರಾಗಲಿ ಮರೆಯಬಾರದ ಪ್ರಶ್ನೆಯೊಂದಿದೆ. ಆ ಪ್ರತಿಮೆಯ ಮಹಾತ್ಮರು ನಮ್ಮ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿದ್ದಾರೆ? ಬಸವಣ್ಣನವರ ಪುತ್ಥಳಿಗೆ ಹಾರ ಹಾಕಿದ ಕೈಯೇ ಮನೆಯ ಹಿತ್ತಿಲಲ್ಲಿ ಕೂಲಿಯವನ ಲೋಟವನ್ನು ಬೇರೆ ಇಡುತ್ತಿದ್ದರೆ ಆ ಹಾರ ಯಾರ ಕೊರಳಿಗೆ ಬಿದ್ದಂತಾಯಿತು?

ಇದೇ ನಾಡಿನ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಪೂಜಾನಿಷ್ಠೆಯಲ್ಲಿ ಒಂದು ಕೂದಲೆಳೆಯಷ್ಟೂ ಸಡಿಲಿಸಿದವರಲ್ಲ. ಅದೇ ಪೂಜಾನಿಷ್ಠೆ ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯವಾಗಿ ಹರಿಯಿತು. ನೇಮ ಮತ್ತು ಹೃದಯ ಒಂದಾದರೆ ಏನಾಗುತ್ತದೆಂಬುದಕ್ಕೆ ಈ ಸೀಮೆಯವರಿಗೆ ದೂರದ ಉದಾಹರಣೆ ಬೇಕಿಲ್ಲ.

ಒಂದು ದಿನದ ಕೆಲಸವಲ್ಲ

ಹೃದಯದ ಪರಿವರ್ತನೆಯೆಂದರೆ ಮಿಂಚು ಹೊಡೆದಂತೆ ಒಮ್ಮೆಲೇ ಆಗುವುದೆಂಬ ಭ್ರಮೆ ಹಲವರಿಗಿದೆ. ಇಂಗ್ಲೆಂಡಿನ ಜಾನ್ ನ್ಯೂಟನ್ ಎಂಬಾತನ ಬಾಳು ಈ ಭ್ರಮೆಯನ್ನು ಕಳೆಯುತ್ತದೆ. ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಸಾಗಿಸುವ ಹಡಗುಗಳಲ್ಲಿ ದುಡಿದ ಅವನು 1748ರಲ್ಲಿ ಭೀಕರ ಬಿರುಗಾಳಿಗೆ ಸಿಕ್ಕಿ ದೇವರಿಗೆ ಮೊರೆಯಿಟ್ಟನು. ಅಂದಿನಿಂದ ಪ್ರಾರ್ಥನೆ ಹಿಡಿದನು, ಬಾಯಿಯ ಕೆಟ್ಟ ಮಾತು ಬಿಟ್ಟನು. ಆದರೆ ಗುಲಾಮರ ವ್ಯಾಪಾರವನ್ನು ಬಿಡಲಿಲ್ಲ! ಆ ಬಳಿಕವೂ ಹಡಗಿನ ಕಪ್ತಾನನಾಗಿ 1754ರವರೆಗೆ ಅದೇ ದಂಧೆ ನಡೆಸಿದನು. ಮುಂದೆ ಪಾದ್ರಿಯಾದನು. ತಾನು ಮಾಡಿದ ವ್ಯಾಪಾರ ಎಂಥ ಪಾಪವೆಂಬುದನ್ನು ನಾಡಿನ ಮುಂದೆ ಬರೆದು ಒಪ್ಪಿಕೊಂಡದ್ದು 1788ರಲ್ಲಿ, ಅಂದರೆ ಆ ಬಿರುಗಾಳಿಯ ನಲವತ್ತು ವರ್ಷಗಳ ನಂತರ. ಬ್ರಿಟನ್ನು ಆ ವ್ಯಾಪಾರವನ್ನು 1807ರಲ್ಲಿ ಕಾನೂನಿನಿಂದ ನಿಷೇಧಿಸಿದ್ದನ್ನು ಕಂಡ ಬಳಿಕ ಅದೇ ವರ್ಷ ತೀರಿಕೊಂಡನು.

ಸಣ್ಣ ನೇಮಗಳು ಬೇಗ ಬದಲಾದವು. ಲಾಭ ತರುವ ದೊಡ್ಡ ಪಾಪ ಕಣ್ಣಿಗೆ ಬೀಳಲು ದಶಕಗಳು ಬೇಕಾದವು. ನಾವೂ ಹೀಗೆಯೇ ಅಲ್ಲವೆ? ಏಕಾದಶಿ, ಸೋಮವಾರ ಎಂದು ಬೆಳ್ಳುಳ್ಳಿ ಬಿಡುತ್ತೇವೆ, ಸೊಸೆಯ ತವರಿನಿಂದ ಬರಬೇಕಾದ ಬಾಕಿಯ ಲೆಕ್ಕವನ್ನು ಬಿಡುವುದಿಲ್ಲ.

ಹಾಗಾದರೆ ನೇಮವೇ ಬೇಡವೆ?

ಖಂಡಿತ ಬೇಕು. ಒಳಗಿನದೇ ಮುಖ್ಯವೆಂಬ ಮಾತನ್ನು ಸೋಮಾರಿತನಕ್ಕೆ ನೆಪ ಮಾಡಿಕೊಳ್ಳುವ ಯುವಕರನ್ನು ನಾವು ಕಂಡಿದ್ದೇವೆ. ‘ಮನಸ್ಸು ಶುದ್ಧವಾಗಿದ್ದರೆ ಸಾಕು, ಪೂಜೆ ಏಕೆ?’ ಎನ್ನುವವರ ಮನಸ್ಸು ಶುದ್ಧವಾಗಿರುವುದೂ ಅಪರೂಪ.

ಮರಳವಾಡಿಯ ರೈತರಿಗೆ ಗೊತ್ತಿರುವ ಒಂದು ಹೋಲಿಕೆಯನ್ನೇ ತೆಗೆದುಕೊಳ್ಳೋಣ. ರೇಷ್ಮೆಹುಳು ಗೂಡು ಕಟ್ಟುವ ಮುನ್ನ ನಾಲ್ಕು ಬಾರಿ ಪೊರೆ ಕಳಚುತ್ತದೆ. ನಮ್ಮ ರೈತರು ಅದನ್ನು ‘ಜ್ವರ’ ಎನ್ನುತ್ತಾರೆ. ಹುಳು ಜ್ವರಕ್ಕೆ ಕುಳಿತಾಗ ತಲೆಯೆತ್ತಿ ಅಲುಗಾಡದೆ ಇರುತ್ತದೆ, ಸೊಪ್ಪು ತಿನ್ನುವುದಿಲ್ಲ. ಆಗ ಯಾವ ಜಾಣನೂ ಬೆರಳಿನಿಂದ ಆ ಪೊರೆಯನ್ನು ಸುಲಿಯಲು ಹೋಗುವುದಿಲ್ಲ. ಹೋದರೆ ಹುಳು ಸಾಯುತ್ತದೆ. ಒಳಗೆ ಹೊಸ ಚರ್ಮ ಸಿದ್ಧವಾದ ಮೇಲೆ ಹಳೆಯದು ತಾನಾಗಿ ಬಿರಿದು ಜಾರುತ್ತದೆ. ಹಾಗೆಂದು ರೈತನು ಕೈಕಟ್ಟಿ ಕೂರುತ್ತಾನೆಯೆ? ಹೊತ್ತುಹೊತ್ತಿಗೆ ಸೊಪ್ಪು, ತಟ್ಟೆಯ ಶುಚಿ, ಮನೆಯ ಬಿಸಿ ತಂಪು ಇವುಗಳ ನೇಮವನ್ನು ಕಟ್ಟುನಿಟ್ಟಾಗಿ ನಡೆಸುತ್ತಾನೆ. ಸೊಪ್ಪಿಲ್ಲದೆ ಹುಳು ಬೆಳೆಯದು. ಆದರೆ ಸೊಪ್ಪಿನ ರಾಶಿಯೇ ರೇಷ್ಮೆಯಲ್ಲ.

ನಮ್ಮ ಪೂಜೆ, ವ್ರತ, ಪಾರಾಯಣಗಳು ಆ ಸೊಪ್ಪಿನಂತೆ. ಅವು ಒಳಗಿನ ಜೀವವನ್ನು ಬೆಳೆಸಬೇಕು. ಕೋಪದ ಹಳೆಯ ಪೊರೆ ಬಿರಿಯುವಷ್ಟು ಬೆಳೆಸಬೇಕು. ಬೆಳೆಸುತ್ತಿಲ್ಲವಾದರೆ ಸೊಪ್ಪನ್ನು ದೂರದೆ, ಒಳಗಿನ ಜೀವ ಅದನ್ನು ಉಣ್ಣುತ್ತಿದೆಯೇ ಎಂದು ನೋಡಿಕೊಳ್ಳಬೇಕು.

ಮಕ್ಕಳನ್ನು ಬೆಳೆಸುವಾಗಲೂ ತಾಯಿತಂದೆಯರು ಇದನ್ನು ನೆನಪಿಡಬೇಕು. ‘ಸುಳ್ಳು ಹೇಳಿದರೆ ಹೊಡೆಯುತ್ತೇನೆ’ ಎಂದು ಹೆದರಿಸಿದರೆ ಮಗು ಸಿಕ್ಕಿಬೀಳದಂತೆ ಸುಳ್ಳು ಹೇಳುವುದನ್ನು ಕಲಿಯುತ್ತದೆ. ತಪ್ಪಾಯಿತೆಂದು ತಂದೆಯೇ ಮನೆಯಾಕೆಯ ಮುಂದೆ ಒಪ್ಪಿಕೊಳ್ಳುವುದನ್ನು ಕಂಡ ಮಗು ಸತ್ಯವನ್ನು ಕಲಿಯುತ್ತದೆ. ರಾತ್ರಿ ಮಲಗುವ ಮುನ್ನ ಆ ದಿನ ಯಾರ ಮನಸ್ಸನ್ನು ನೋಯಿಸಿದೆವೆಂದು ಮನೆಮಂದಿಯೆಲ್ಲ ಒಂದು ನಿಮಿಷ ನೆನೆಯುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಂದರೆ ಎಷ್ಟು ಚೆನ್ನ!

ತುಂಬಿ ಮರಳಿದ ಪುಟ್ಟಿ

ಅಂದಿನ ಗೋಷ್ಠಿಯಲ್ಲಿ ಆ ತಾಯಿಗೆ ನಾವು ಹೇಳಿದ್ದು ಇಷ್ಟೇ: “ತಾಯಿ, ಪೂಜೆ ಬಿಡಬೇಡಿ. ಪೂಜೆಯಲ್ಲಿ ಅವರ ಮುಖ ಕಾಣಿಸುವುದು ವಿಘ್ನವಲ್ಲ. ಲಿಂಗದೇವನೇ ನಿಮಗೆ ಅವರ ಮನೆಯ ದಾರಿ ತೋರಿಸುತ್ತಿರಬಹುದು.” ಅವರು ಏನನ್ನೂ ಹೇಳದೆ ಕೈಮುಗಿದು ಕುಳಿತರು.

ಕೆಲವು ತಿಂಗಳ ಮೇಲೆ, ಅವರೆಕಾಯಿಯ ಕಾಲದಲ್ಲಿ, ಅದೇ ಊರಿಗೆ ಮತ್ತೆ ಹೋಗುವ ಸಂದರ್ಭ ಬಂದಿತು. ಆ ತಾಯಿ ತಾವಾಗಿಯೇ ಬಂದು ನಡೆದುದನ್ನು ಹೇಳಿದರು. ಓರಗಿತ್ತಿಯ ಹುಳು ನಾಲ್ಕನೆಯ ಜ್ವರ ಎದ್ದು ಹಗಲಿರುಳೂ ಸೊಪ್ಪು ಕೇಳುವ ಹೊತ್ತಿನಲ್ಲಿ ಅವಳ ಕೊಳವೆಬಾವಿ ಬತ್ತಿ ತೋಟ ಒಣಗಿತ್ತಂತೆ. ಹಣ್ಣಾಗುವ ಮುನ್ನ ಸೊಪ್ಪು ತಪ್ಪಿದರೆ ಬೆಳೆಯೇ ಹೋದಂತೆ. ಅವಳು ಕೇಳಲಿಲ್ಲ, ಹದಿನೆಂಟು ವರ್ಷದ ಬಿಗುಮಾನ ಕೇಳಗೊಡಲಿಲ್ಲ. ಇವರು ಬೆಳಗಿನ ಪೂಜೆಗೆ ಕುಳಿತವರು ಅರ್ಧಕ್ಕೇ ಎದ್ದು, ತೋಟಕ್ಕೆ ಹೋಗಿ, ಒಂದು ಪುಟ್ಟಿ ಸೊಪ್ಪು ಕೊಯ್ದು ಅವಳ ಜಗಲಿಯ ಮೇಲಿಟ್ಟು ಬಂದರು. ಮರುದಿನವೂ ಇಟ್ಟರು. ಹುಳು ಹಣ್ಣಾಗಿ ಚಂದ್ರಿಕೆಗೆ ಏರುವವರೆಗೂ ಇಟ್ಟರು.

“ಪೂಜೆ ಅರ್ಧಕ್ಕೇ ಬಿಟ್ಟದ್ದು ತೆಪ್ಪಾಯ್ತೇನೋ ಅಂತ ದಿಗಿಲಾಗಿತ್ತು ಅಯ್ನೋರೆ. ಬಂದು ಮತ್ತೆ ಕೂತೆ. ಅವತ್ತು ಲಿಂಗ ಬಿಟ್ಟು ಬ್ಯಾರೆ ಏನೂ ಕಾಣ್ಲಿಲ್ಲ” ಎಂದರು ಆ ತಾಯಿ.

ಪರ್ವತ ಪ್ರಸಂಗವನ್ನು ಅವರು ಓದಿದವರಲ್ಲ, ನಾವೂ ಅವರಿಗೆ ಅದನ್ನು ಹೇಳಿರಲಿಲ್ಲ. ಆದರೂ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ, ಮರಳಿ ಬಂದು ಅರ್ಪಿಸಿದ್ದರು!

ಕೊನೆಯ ದಿನ ಪುಟ್ಟಿ ಅವರ ಮನೆಗೆ ಹಿಂದಿರುಗಿತು. ಬರಿಯ ಪುಟ್ಟಿಯನ್ನು ಹಿಂದಕ್ಕೆ ಕಳುಹಿಸಬಾರದೆಂಬುದು ನಮ್ಮ ಮನೆಗಳ ಹಳೆಯ ನೇಮ. ಅದರಲ್ಲಿ ಅವರೆಕಾಯಿ ತುಂಬಿತ್ತು. ಮಾತು ಇನ್ನೂ ಹೆಚ್ಚಾಗಿ ಬೆಳೆದಿಲ್ಲವಂತೆ, ಬದುವಿನ ತಕರಾರೂ ತೀರಿಲ್ಲವಂತೆ. ಆದರೆ ಎರಡು ಮನೆಗಳ ನಡುವಿನ ಬಾಗಿಲಿಗೆ ಹಾಕಿದ್ದ ಚಿಲಕ ಈಗ ತೆಗೆದಿದೆ.

ನಮ್ಮಲ್ಲಿ ಒಬ್ಬೊಬ್ಬರಿಗೂ ಹೋಗಬೇಕಾದ ಒಂದು ಜಗಲಿ ಇದ್ದೇ ಇರುತ್ತದೆ. ನಾಳೆ ಬೆಳಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಮುಚ್ಚಿದಾಗ ಯಾವ ಮುಖ ಎದುರು ಬರುವುದೋ ಅದನ್ನು ಓಡಿಸದೆ ನೋಡೋಣ.